ಮಲಪನಗುಡಿ ವಿರುಪಾಕ್ಷಪ್ಪನ ಎಲಿಜಬೇತ್ ರಾಣಿ

ವಿರುಪಾಕ್ಷಪ್ಪನವರನ್ನು ನಾನು ಮೊದಲು ನೋಡಿದ್ದು ಹೆಂಗಸಾಗಿ. ಆಗ ನನಗೆ ಕಂಪ್ಲಿಯಲ್ಲಿ ಹೊಸದಾಗಿ ಟೀಚರ್ ಕೆಲಸ ಸಿಕ್ಕಿತ್ತು. ಜೊತೆಯ ಟೀಚರುಗಳು ಬಲವಂತ ಮಾಡಿ ಬಯಲಾಟಕ್ಕೆ ಕರೆದುಕೊಂಡು ಹೋದರು. ತುಂಬಿದ ಸಭೆಯಲ್ಲಿ ಒಬ್ಬ ರಾಣಿ ಸೆರಗು ಹಿಡಿದುಕೊಂಡು ನಿಂತು ನ್ಯಾಯ ಕೇಳಿದಳು. ಅವಳು ಕೇಳಿದ ರೀತಿಗೆ ನಾನು ಕರವಸ್ತ್ರ ತೋಯುವಷ್ಟು ಅತ್ತೆ. ಮಾರನೆಯ ದಿನ ಬಸ್ ಸ್ಟ್ಯಾಂಡಿನಲ್ಲಿ ಗೆಳತಿಯೊಬ್ಬಳು ಮೊಣಕೈಯಿಂದ ತಿವಿದು, "ಅಗೋ ನೋಡ್ರಿ ನಿಮ್ಮ ರಾಣಿ" ಅಂದಳು. ನೋಡಿದರೆ ಲುಂಗಿ ಮೇಲೆತ್ತಿ ಕಟ್ಟಿಕೊಂಡ ಗಂಡಸೊಬ್ಬ ಬೀಡಿ ಸೇದುತ್ತ ಕಂಡಕ್ಟರನ ಜೊತೆ ಜಗಳಕ್ಕೆ ನಿಂತಿದ್ದ. ನನಗೆ ಮೋಸ ಹೋದೆನಲ್ಲ ಅಂತ ಎಂಥ ಸಿಟ್ಟು ಬಂತು ಅಂದರೆ, ನನ್ನ ಕಣ್ಣೀರು ವಾಪಸ್ ಕೊಡು ಅಂತ ಕೇಳುವುದೊಂದು ಬಾಕಿ ಇತ್ತು.

ಮಲಪನಗುಡಿಯಲ್ಲಿ ಅವರಿಗೆ ಕಾಲುವೆ ನೀರಿನ ಬಾಳೆ ತೋಟ. ಅಪ್ಪನ ಕಾಲದಿಂದಲೂ ಅದೇ. ಹದಿನಾಲ್ಕರ ವಯಸ್ಸಿನಲ್ಲಿ ಇನ್ನೂ ದನಿ ಒಡೆದಿರಲಿಲ್ಲ ಅಂತ ಬಯಲಾಟದ ಮಾಸ್ತರು ಅವರನ್ನು ರಾಣಿಯ ಪಾರ್ಟಿಗೆ ಆರಿಸಿಕೊಂಡರು. ಹೆಂಗಸರ ನಡಿಗೆ ಕಲಿಯಬೇಕು ಅಂತ ಇವರು ಕೊಡ ಹೊತ್ತು ಬರುವವರ ಹಿಂದೆ ಹಿಂದೆ ನಡೆಯತೊಡಗಿದರು. ಕಾರಣ ತಿಳಿಯದ ಹೆಂಗಸರು ಹೋಗಿ ತಾಯಿಗೆ ದೂರು ಕೊಟ್ಟರು. ತಾಯಿ ಕಸಬರಿಗೆ ತಗೊಂಡು ಬೆನ್ನು ಹಣ್ಣು ಮಾಡಿದಳು. "ನಮ್ಮವ್ವ ಹೊಡಿಯಾಕ ಬಂದಾಗ ಸೀರಿ ಎತ್ತಿ ಕಟ್ಟಿದ್ಲಲ್ರಿ, ಆ ಸಿಟ್ಟಿನ ನಡಿಗಿನೇ ನಾ ಮೊದಲ ಕಲಿತಿದ್ದು" ಅಂತ ವಿರುಪಾಕ್ಷಪ್ಪ ಈಗಲೂ ನಗುತ್ತಾರೆ.

ದನಿ ಒಡೆದ ಮೇಲೂ ಪಾರ್ಟು ಬಿಡಲಿಲ್ಲ. ಎತ್ತರದ ಆಳು, ಆದರೆ ಕೈಗಳು ಮಾತ್ರ ಸಣ್ಣವು. ಹುಬ್ಬು ತೀಡಿಸಿಕೊಂಡಿರುತ್ತಿದ್ದರು. ಕಂಪ್ಲಿಗೆ ಹೆಣ್ಣು ನೋಡಲು ಹೋದಾಗ ಹುಡುಗಿಯ ಅಜ್ಜಿ ಆ ಹುಬ್ಬನ್ನೇ ನೋಡಿ, "ಹುಡುಗನ ಮಕಾ ನಮ್ಮ ಹುಡುಗಿಗಿಂತ ಚಲೋ ಐತಲ್ಲ, ಹೆಂಗ?" ಅಂದಳಂತೆ. ಹುಡುಗಿ ಭೀಮಮ್ಮ ಬಾಗಿಲ ಹಿಂದೆ ನಿಂತು ಕಿಸಕ್ಕನೆ ನಕ್ಕಳು. ಮದುವೆ ಗಟ್ಟಿಯಾಯಿತು.

ಮದುವೆಯಾದ ವರ್ಷ ಗಂಡನ ವೇಷ ನೋಡಲು ಭೀಮಮ್ಮ ಬಣ್ಣ ಹಚ್ಚುವ ಕೋಣೆಗೆ ಹೋದಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ಮುಗಿದ ಮೇಲೆ, "ಸೆರಗು ಹಿಂಗ ಹೊರೂದಲ್ರಿ, ಬರ್ರಿ ಇಲ್ಲಿ" ಅಂತ ಎಲ್ಲ ಬಿಚ್ಚಿಸಿ ತಾನೇ ಉಡಿಸಿದಳು. ಅಲ್ಲಿಂದ ಇಲ್ಲಿಯವರೆಗೆ ಬೇರೆ ಯಾರೂ ವಿರುಪಾಕ್ಷಪ್ಪನಿಗೆ ಸೀರೆ ಉಡಿಸಿಲ್ಲ. ಸೀರೆ ಅವಳದು, ಕುಂಕುಮ ಅವಳ ಭರಣಿಯದು. ಹೊಸಪೇಟೆಯಲ್ಲಿ ಒಂದು ಡಬ್ಬಿ ಹಸಿರು ಗಾಜಿನ ಬಳೆ ಕೊಂಡರೆ ಅರ್ಧ ಅವಳ ಕೈಗೆ, ಅರ್ಧ ರಾಣಿಯ ಕೈಗೆ. ಇಬ್ಬರದೂ ಒಂದೇ ಅಳತೆ. ತೊಡಿಸಿ ಮುಗಿದ ಮೇಲೆ ಅವಳು ಪರದೆಯ ಹಿಂದೆ ತಟ್ಟಿನ ಚೀಲ ಹಾಸಿಕೊಂಡು ಕೂರುತ್ತಿದ್ದಳು. ಆಟವನ್ನು ಎದುರಿಗೆ ಕೂತು ನೋಡಿದ್ದೇ ಇಲ್ಲ.

ಇದರಿಂದ ಗಂಡಹೆಂಡಿರ ನಡುವೆ ಒಂದು ಕಟ್ಟಳೆ ಹುಟ್ಟಿತು. ಕಾಡಿಗೆ ಹೋದ ರಾಣಿ, ಸೆರೆಸಿಕ್ಕ ರಾಣಿ, ಮಗನನ್ನು ಕಳೆದುಕೊಂಡ ರಾಣಿ, ಎಲ್ಲರ ವೇಷವನ್ನೂ ವಿರುಪಾಕ್ಷಪ್ಪ ಹಾಕುತ್ತಿದ್ದರು. ಗಂಡ ಸತ್ತ ರಾಣಿಯದು ಮಾತ್ರ ಇಲ್ಲ. ಮೈಮೇಲಿರುವುದು ಭೀಮಮ್ಮನ ಬಳೆ, ಭೀಮಮ್ಮನ ಕುಂಕುಮ. ಅದನ್ನು ಸಭೆಯಲ್ಲಿ ಒಡೆದು ಅಳಿಸಿದರೆ ಮನೆಯಲ್ಲಿ ಏನಾಗಬೇಕು? ಅಂದರೆ ಆಟದಲ್ಲಿ ರಾಣಿ ವಿಧವೆಯಾದರೆ ನಿಜಕ್ಕೂ ಸಾಯಬೇಕಾದವರು ರಾಣಿಯ ವೇಷ ಹಾಕಿದ ವಿರುಪಾಕ್ಷಪ್ಪನೇ. ಈ ಲೆಕ್ಕ ಮೊದಲ ಸಲ ಕೇಳಿದಾಗ ನನಗೆ ತಲೆ ತಿರುಗಿತು. ತಂಡದವರಿಗೆ ಮಾತ್ರ ಅದು ಸೂರ್ಯ ಮೂಡಿದಷ್ಟು ಸರಳ. ಅಂಥ ಪಾರ್ಟು ಬಂದರೆ ಅವರೇ ಬೇರೆಯವರನ್ನು ಹುಡುಕಿಕೊಳ್ಳುತ್ತಿದ್ದರು.

ಇನ್ನು ನನ್ನದು. ನನ್ನ ಹೆಸರು ಲೂರ್ದಮ್ಮ. ಹೊಸಪೇಟೆ ಹತ್ತಿರದ ಟಿ.ಬಿ. ಡ್ಯಾಂ ಕಟ್ಟುವಾಗ ನಮ್ಮ ತಾತ ಗುಂಟೂರು ಸೀಮೆಯಿಂದ ಕಲ್ಲು ಕೆಲಸಕ್ಕೆ ಬಂದವರು. ಡ್ಯಾಂ ಮುಗಿಯಿತು, ತಾತ ವಾಪಸ್ ಹೋಗಲಿಲ್ಲ. ಮನೆಯಲ್ಲಿ ತೆಲುಗು, ಪ್ರಾರ್ಥನೆ ಕನ್ನಡದಲ್ಲಿ, ಜಗಳ ಎರಡರಲ್ಲೂ. ನಿವೃತ್ತಿಯಾಗಿ ಈಗ ಆ ಡ್ಯಾಂ ಪಕ್ಕದ ಊರಲ್ಲೇ ಇದ್ದೇನೆ. ನಮ್ಮ ಚಿಕ್ಕ ಚರ್ಚು ಸಂತ ಎಲಿಜಬೇತಮ್ಮನ ಹೆಸರಿನದು. ಎಂಟುನೂರು ವರ್ಷದ ಹಿಂದೆ ಹಂಗೇರಿ ದೇಶದಲ್ಲಿ ಹುಟ್ಟಿದ ರಾಜಕುಮಾರಿ ಅವಳು. ನವೆಂಬರಿನಲ್ಲಿ ಅವಳ ಹಬ್ಬ. ಹಬ್ಬದ ಊಟಕ್ಕೆ ಬಾಳೆ ಎಲೆ ವಿರುಪಾಕ್ಷಪ್ಪನವರ ತೋಟದಿಂದಲೇ ಬರುತ್ತಿತ್ತು.

ಹೋದ ವರ್ಷದ ಬೇಸಿಗೆಯಲ್ಲಿ ಬಾಳೆಗೊನೆ ಹೊರುವಾಗ ವಿರುಪಾಕ್ಷಪ್ಪನಿಗೆ ಎದೆನೋವು ಬಂತು. ಬಳ್ಳಾರಿಯ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದರು. ಜೀವ ಉಳಿಯಿತು. ಡಾಕ್ಟರು ಕುಣಿತ ಬೇಡ, ತೂಕದ ಕಿರೀಟ ಬೇಡ, ಭುಜಕೀರ್ತಿ ಅಂತೂ ಬೇಡವೇ ಬೇಡ ಅಂದರು. ಕುಣಿತವಿಲ್ಲದ ಬಯಲಾಟ ಎಲ್ಲಿದೆ? ತಂಡದವರು ಮನೆಗೆ ಬಂದು ಕೂರಿಸಿ ಸನ್ಮಾನ ಮಾಡಿದರು. "ಶಾಲು ಹೊದಿಸಿದ್ರು ಅಂದ್ರ ಮುಗೀತು ಅಂತ ಅರ್ಥ ಟೀಚರ್," ಅಂದರು ವಿರುಪಾಕ್ಷಪ್ಪ ನನ್ನ ಹತ್ತಿರ. "ಹೆಣಕ್ಕೂ ಹಂಗ ಹೊದಿಸ್ತಾರ." ಹಿಂದೆಂದೂ ನಾನು ಅವರ ಬಾಯಲ್ಲಿ ಅಂಥ ಮಾತು ಕೇಳಿರಲಿಲ್ಲ.

ಅದೇ ವರ್ಷ ನಮ್ಮ ಫಾದರ್ ಸಿರಿಲ್ ಅವರಿಗೆ ಸಂತಳ ಜೀವನವನ್ನು ನಾಟಕ ಮಾಡಿಸಬೇಕು ಅನ್ನಿಸಿತು. ಮಂಗಳೂರಿನ ಕಡೆಯವರು, ಉತ್ಸಾಹದ ಮನುಷ್ಯ. ಬರೆಯುವ ಕೆಲಸ ನನ್ನ ತಲೆಗೆ ಕಟ್ಟಿದರು. ಬರೆದೆ. ರಾಣಿ ಯಾರು? ನಮ್ಮ ಹುಡುಗಿಯರಿಗೆ ಕೊಟ್ಟು ನೋಡಿದೆ. ಒಬ್ಬಳು ಅಳುವ ಜಾಗದಲ್ಲಿ ನಕ್ಕಳು, ಇನ್ನೊಬ್ಬಳು ನಗುವ ಜಾಗದಲ್ಲೂ ಪಾಠ ಒಪ್ಪಿಸಿದಳು. ನಾನು ಸಿಟ್ಟಿನಿಂದ ಕುದಿಯುತ್ತಿರುವಾಗ, ಹಬ್ಬಕ್ಕೆ ಎಷ್ಟು ಎಲೆ ಬೇಕು ಅಂತ ಕೇಳಲು ವಿರುಪಾಕ್ಷಪ್ಪ ಬಂದರು. ಚರ್ಚಿನ ಕಟ್ಟೆಯ ಮೇಲೆ ಕೂತು ತಾಲೀಮು ನೋಡಿದರು. ಆಮೇಲೆ ಕೇಳಿದರು:

"ಟೀಚರ್, ನಿಮ್ಮ ರಾಣಿ ಕುಣೀತಾಳೇನು?"

"ಇಲ್ಲ."

"ತಲಿಮ್ಯಾಲೆ ಏನಿರ್ತತಿ?"

"ಕಿರೀಟ. ರಟ್ಟಿನದು ಮಾಡಿದರೂ ಆಗುತ್ತೆ."

"ಹಂಗಾರ ಪಾರ್ಟು ನನಗ ಕೊಡ್ರಿ," ಅಂದರು. ಅರವತ್ತು ದಾಟಿದ ಮನುಷ್ಯ, ಅಂಗಡಿ ಮುಂದೆ ಮಿಠಾಯಿಗೆ ನಿಂತ ಮಗುವಿನ ಹಾಗೆ ನನ್ನ ಮುಖ ನೋಡುತ್ತ ನಿಂತರು. ಇಲ್ಲ ಅನ್ನಲು ನನ್ನ ಕೈಲಿ ಆಗಲಿಲ್ಲ, ನಿಜ ಹೇಳಬೇಕೆಂದರೆ ಇಲ್ಲ ಅನ್ನುವ ಮನಸ್ಸೂ ಇರಲಿಲ್ಲ.

ತಾಲೀಮು ಸೊಗಸಾಗಿ ನಡೆಯಿತು. ಓದಿ ಹೇಳಿದರೆ ಸಾಕು, ಮಾತು ಅವರಿಗೆ ಬಾಯಿಪಾಠವಾಗುತ್ತಿತ್ತು. ನಾಲ್ಕು ವರ್ಷದ ಎಲಿಜಬೇತಳನ್ನು ಹಂಗೇರಿಯಿಂದ ಜರ್ಮನಿಗೆ, ಗಂಡನಾಗುವವನ ಮನೆಗೆ ಕಳಿಸುವುದು, ಅಲ್ಲೇ ಬೆಳೆದು ಹದಿನಾಲ್ಕಕ್ಕೆ ಲುಡ್ವಿಗ್ ರಾಜನ ಕೈ ಹಿಡಿಯುವುದು, ಹಸಿದವರಿಗೆ ಅರಮನೆಯ ಕಣಜ ತೆಗೆದುಕೊಡುವುದು, ಇಷ್ಟಾಯಿತು. ರಾಜ ದೂರದ ಯುದ್ಧಕ್ಕೆ ಹೊರಟ ಪುಟಕ್ಕೆ ಬಂದಾಗ ವಿರುಪಾಕ್ಷಪ್ಪ ಕೈ ಎತ್ತಿ ನನ್ನನ್ನು ನಿಲ್ಲಿಸಿದರು.

"ಟೀಚರ್, ಈಕಿ ಗಂಡ ವಾಪಸ್ ಬರ್ತಾನಲ್ಲ?"

"ಇಲ್ಲ. ದಾರಿಯಲ್ಲೇ ಜ್ವರ ಬಂದು ಸಾಯುತ್ತಾನೆ."

"ಸಾಯಿಸಲೇಬೇಕೇನ್ರಿ?"

"ಸಾಯಿಸಿದ್ದು ನಾನಲ್ಲ ಮಾರಾಯರೆ. ಅವನು ಸತ್ತು ಎಂಟುನೂರು ವರ್ಷ ಆಯಿತು!"

ಆಗ ಆ ಬಳೆಯ ಕಟ್ಟಳೆ ಹೊರಗೆ ಬಂತು. ಫಾದರ್ ಸಿರಿಲ್ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಸ್ವಭಾವದವರು. "ಲೂರ್ದಮ್ಮ, ಯುದ್ಧಕ್ಕೆ ಹೊರಟಲ್ಲಿಗೇ ಮಂಗಳ ಹಾಡಿದರೆ ಹೇಗೆ?" ಅಂದರು. ನನಗೆ ರೇಗಿತು. ಇಪ್ಪತ್ತನೇ ವಯಸ್ಸಿಗೆ ವಿಧವೆಯಾಗಿ, ಮೂರು ಮಕ್ಕಳ ಜೊತೆ ಅರಮನೆ ಬಿಟ್ಟು, ಹಂದಿಗೂಡಿನಲ್ಲಿ ರಾತ್ರಿ ಕಳೆದು, ಕಡೆಗೆ ಆಸ್ಪತ್ರೆ ಕಟ್ಟಿ ರೋಗಿಗಳ ಹುಣ್ಣು ತೊಳೆಯುತ್ತ ಇಪ್ಪತ್ನಾಲ್ಕಕ್ಕೇ ತೀರಿಕೊಂಡವಳು ಆಕೆ. ಗಂಡ ಸಾಯದಿದ್ದರೆ ಒಳ್ಳೆಯ ಸೊಸೆ ಅನ್ನಿಸಿಕೊಂಡು ಮುಗಿದುಹೋಗುತ್ತಿತ್ತು, ಚರ್ಚು ಕಟ್ಟಿ ಹಬ್ಬ ಮಾಡುವುದೇನಿತ್ತು? ಇಷ್ಟನ್ನೂ ಫಾದರ್ ಮುಖಕ್ಕೆ ಹೇಳಿ, ಮಲಪನಗುಡಿಯ ಆಟೋ ಹತ್ತಿದೆ. ಭೀಮಮ್ಮನನ್ನು ಒಪ್ಪಿಸದೆ ಬರುವುದಿಲ್ಲ ಅಂತ ಹೊರಟವಳು ನಾನು.

ಭೀಮಮ್ಮ ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದಳು. "ಬರ್ರಿ ಟೀಚರಮ್ಮ, ಕುಂದ್ರಿ" ಅಂತ ಮಣೆ ತಳ್ಳಿದಳು. ವಿರುಪಾಕ್ಷಪ್ಪ ನನ್ನನ್ನು ಕಂಡದ್ದೇ ಕುಡುಗೋಲು ತಗೊಂಡು ಹಿತ್ತಲಿಗೆ ಹೋದರು. ಹೆಂಡತಿಯ ಹತ್ತಿರ ಈ ಮಾತು ಎತ್ತುವ ಧೈರ್ಯ ಅವರಿಗಿರಲಿಲ್ಲ.

"ಬೇರೆ ಬಳೆ ತರ್ತೀವಿ ಭೀಮಮ್ಮ," ಅಂತ ಶುರು ಮಾಡಿದೆ. "ನಿಮ್ಮ ಡಬ್ಬಿದು ಬೇಡ. ಹೊಸದು. ಚರ್ಚಿನ ಖರ್ಚು."

"ಹಣಿ ಬ್ಯಾರೆ ತರ್ತೀರೇನ್ರಿ?" ಅಂದಳು, ರೊಟ್ಟಿ ತಿರುವಿ ಹಾಕುತ್ತ.

ಎಷ್ಟೋ ವರ್ಷ ಪಾಠ ಹೇಳಿದ ಬಾಯಿ ನನ್ನದು. ದಾರಿ ಬದಲಿಸಿ, "ನಮ್ಮ ರಾಣಿ ಎಂಥವಳು ಅಂತ ಒಂಚೂರು ಕೇಳಿ, ಆಮೇಲೆ ಬೇಡ ಅನ್ನಿ" ಅಂದೆ. ಕೇಳುವುದಕ್ಕೆ ದುಡ್ಡು ಕೊಡಬೇಕಾ, ಹೇಳ್ರಿ ಅಂದಳು.

ಹೇಳಿದೆ. ಪವಾಡಗಳಿಗೆ ಭೀಮಮ್ಮ ಬರೀ ತಲೆಯಾಡಿಸಿದಳು. ಒಂದು ಸಲ ರಾಣಿ ಕುಷ್ಠರೋಗಿಯನ್ನು ತನ್ನ ಗಂಡನ ಮಂಚದ ಮೇಲೇ ಮಲಗಿಸಿದ್ದಳು ಅಂದಾಗ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಗಂಡ ಏನಂದ?" ಅಂತ ಕೇಳಿದಳು.

"ಹೊದಿಕೆ ತೆಗೆದು ನೋಡಿದನಂತೆ. ಅಲ್ಲಿ ಅವನಿಗೆ ಯೇಸುಸ್ವಾಮಿಯೇ ಕಂಡನಂತೆ."

"ಅದಿರ್ಲಿ. ಬೈದನೋ ಇಲ್ಲೋ?"

"ಬೈಯಲಿಲ್ಲ."

"ಚಲೋ ಗಂಡ," ಅಂತ ಮತ್ತೆ ಹಿಟ್ಟಿಗೆ ಕೈ ಹಾಕಿದಳು.

ಆಗ ನನಗೆ ಹಾದಿ ಸಿಕ್ಕಿತು. ಪವಾಡ ಬಿಟ್ಟು ಸಂಸಾರ ಹೇಳತೊಡಗಿದೆ. ರಾಣಿ ರಾತ್ರಿ ಪ್ರಾರ್ಥನೆಗೆ ಏಳುತ್ತಿದ್ದಳು. ನೆಲದ ಮೇಲೆ ಮೊಣಕಾಲೂರಿ ಕೂತರೆ, ಮಂಚದ ಮೇಲಿಂದ ರಾಜ ಅವಳ ಕೈ ಹಿಡಿದುಕೊಂಡೇ ಮಲಗಿರುತ್ತಿದ್ದ. ನಿದ್ದೆಗೆಟ್ಟು ಮೈ ಕೆಡಿಸಿಕೊಳ್ಳಬೇಡ, ಬಾ ಮಲಕೋ ಅನ್ನುತ್ತಿದ್ದ. ಅವನ ನಿದ್ದೆ ಕೆಡಬಾರದು ಅಂತ ರಾಣಿ ಒಂದು ಉಪಾಯ ಮಾಡಿದಳು. ದಾಸಿ ಕತ್ತಲಲ್ಲಿ ಬಂದು ಮೆಲ್ಲಗೆ ತನ್ನ ಕಾಲೆಳೆದು ಎಬ್ಬಿಸಬೇಕು. ಒಂದು ರಾತ್ರಿ ದಾಸಿ ಗೊತ್ತಾಗದೆ ರಾಜನ ಕಾಲನ್ನೇ ಹಿಡಿದು ಎಳೆದುಬಿಟ್ಟಳು.

ಭೀಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಹಿಟ್ಟಿನ ಕೈ, ಮುಖವೆಲ್ಲ ಬೆಳ್ಳಗಾಯಿತು. "ಮುಂದ?"

"ರಾಜ ಎದ್ದು ನೋಡಿದ. ವಿಷಯ ಗೊತ್ತಾಯಿತು. ಏನೂ ಅನ್ನದೆ ಮಗ್ಗುಲಾಗಿ ಮಲಗಿಬಿಟ್ಟ."

"ಅಯ್ಯ ನಮ್ಮಪ್ಪ," ಅಂದಳು, ಆ ಜರ್ಮನಿಯ ರಾಜ ತನ್ನ ಮನೆಯ ಹುಡುಗನೇನೋ ಅನ್ನುವ ಹಾಗೆ. "ಇಂಥಾವನ್ನ ಆ ದೇವ್ರು ಒಯ್ದನೇನ್ರಿ?"

ಒಯ್ದ ಕಥೆಯನ್ನೂ ಹೇಳಿದೆ. ರಾಜನ ಉಂಗುರ ಮಾತ್ರ ಮನೆಗೆ ಬಂತು. ಸುದ್ದಿ ಹೇಳಿದ್ದು ಅತ್ತೆ. ಇವತ್ತಿಗೆ ನನಗೆ ಲೋಕವೇ ಸತ್ತಿತು ಅಂತ ರಾಣಿ ಅರಮನೆಯ ಉದ್ದಕ್ಕೂ ಹುಚ್ಚಿಯ ಹಾಗೆ ಓಡಿದಳು. "ಅತ್ತೀನೂ ಮಗನ್ನ ಕಳಕೊಂಡಾಕಿನ ಅಲ್ಲೇನ್ರಿ, ಪಾಪ" ಅಂದಳು ಭೀಮಮ್ಮ. ಆ ಅತ್ತೆಯನ್ನು ನಾನು ನಾಟಕದಲ್ಲಿ ಘಟವಾಣಿ ಮಾಡಿಟ್ಟಿದ್ದೆ. ಆ ಮಾತು ಕೇಳಿದ ಮೇಲೆ ಮನೆಗೆ ಹೋಗಿ ಅವಳಿಗೂ ಒಂದು ಅಳುವ ಮಾತು ಬರೆದೆ.

ಕೊನೆಗೆ ರಾಜನ ಎಲುಬುಗಳನ್ನು ಪೆಟ್ಟಿಗೆಯಲ್ಲಿ ತಂದದ್ದನ್ನು ಹೇಳಿದೆ. ರಾಣಿ ಆ ಪೆಟ್ಟಿಗೆಯ ಮುಂದೆ ಕೂತು, "ನಿಮ್ಮೊಬ್ಬರ ಜೀವ ಉಳಿದಿದ್ದರೆ ಈ ಲೋಕವನ್ನೆಲ್ಲ ಕೊಟ್ಟುಬಿಡುತ್ತಿದ್ದೆ. ನಿಮ್ಮ ಹಿಂದೆ ಮನೆಮನೆಗೆ ಭಿಕ್ಷೆ ಬೇಡುತ್ತ ಬರುತ್ತಿದ್ದೆ" ಅಂದಳು. ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ಭೀಮಮ್ಮ ಅದನ್ನು ತೆಗೆಯಲಿಲ್ಲ.

"ಕಥಿ ಭಾಳ ಚಲೋ ಐತ್ರಿ," ಅಂದಳು. "ಆದ್ರ ಬ್ಯಾಡ."

ನಾನು ಬಾಯಿ ತೆರೆಯುವ ಮೊದಲೇ ಹಿತ್ತಲ ಕಡೆ ನೋಡಿ, ದನಿ ಇಳಿಸಿದಳು. "ಬಳ್ಳಾರ್ಯಾಗ ಇವರನ್ನ ಒಳಗ ಒಯ್ದು ಬಾಗಿಲ ಹಾಕ್ಕೊಂಡ್ರು. ನಾ ಹೊರಗ ನೆಲದ ಮ್ಯಾಲೆ ಕುಂತಿದ್ದೆ. ಬಳಿ ಯಾರ ಕಣ್ಣಿಗೂ ಬೀಳಬಾರದು ಅಂತ ಸೆರಗಿನ್ಯಾಗ ಕೈ ಸುತ್ತಿಗೊಂಡು ಗಟ್ಟಿ ಹಿಡಕೊಂಡಿದ್ದೆ. ಉಸಿರು ಜೋರಾಗಿ ಬಿಟ್ರ ಬಳಿ ಒಡದಾವು ಅಂತ ಅಂಜಿಕಿ. ನೀರು ಕುಡೀಲಿಲ್ಲ, ಅಳಲಿಲ್ಲ. ಇವರಿಗೆ ಇದನ್ನ ನಾ ಹೇಳಿಲ್ರಿ. ಎದಿಗೆ ತಗೋತಾರ. ನೀವೂ ಹೇಳಬ್ಯಾಡ್ರಿ."

ಬಿಸಿ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು. ತಿಂದು ಎದ್ದೆ. ಒಪ್ಪಿಸದೆ ಬರುವುದಿಲ್ಲ ಅಂದವಳು ಹೊಟ್ಟೆ ತುಂಬಿಸಿಕೊಂಡು ಬರಿಗೈಲಿ ಬಂದೆ. ಹಿತ್ತಲಿನಿಂದ ಬಂದ ವಿರುಪಾಕ್ಷಪ್ಪ ನನ್ನ ಮುಖ ನೋಡಿಯೇ ತಿಳಿದುಕೊಂಡರು. "ಇರ್ಲಿ ಬಿಡ್ರಿ ಟೀಚರ್, ಆಕಿ ಮಾತು ಮೀರಿ ನಾ ಎಂದೂ ಬಣ್ಣ ಹಚ್ಚಿಲ್ಲ" ಅಂತ ಆಟೋದವರೆಗೆ ಬಂದು ಕಳಿಸಿಕೊಟ್ಟರು.

ಅಳುವ ಜಾಗದಲ್ಲಿ ನಗುವ ಹುಡುಗಿಯನ್ನೇ ತಿದ್ದಲು ಮತ್ತೆ ಶುರು ಮಾಡಿದ್ದೆ. ಒಂದು ಭಾನುವಾರ ಪೂಜೆ ಮುಗಿಸಿ ಹೊರಗೆ ಬಂದರೆ, ಚರ್ಚಿನ ಗೇಟಿನ ಹೊರಗೆ ಭೀಮಮ್ಮ ಒಬ್ಬಳೇ ನಿಂತಿದ್ದಳು. ಒಳಗೆ ಬನ್ನಿ ಅಂದರೆ, ಚಪ್ಪಲಿ ಬಿಡಬೇಕೋ ಬ್ಯಾಡೋ ಗೊತ್ತಾಗಲಿಲ್ರಿ ಅಂದಳು. ಬಸ್ ಹಿಡಿದು ಬಂದಿದ್ದಳು. ಗಂಡನಿಗೆ ಹೇಳಿರಲಿಲ್ಲ.

"ಮಾಡ್ಲಿ ಬಿಡ್ರಿ," ಅಂದಳು.

ಏನಾಯಿತು ಅಂತ ಕೇಳಿದೆ.

"ಆಸ್ಪತ್ರಿಯಿಂದ ಬಂದಾಗಿಂದ ಮನ್ಯಾಗ ಒಬ್ಬ ಗಂಡಸು ಕುಂತಾನ ನೋಡ್ರಿ. ಉಣ್ಣು ಅಂದ್ರ ಉಣ್ತಾನ, ಗುಳಿಗಿ ತಗೋ ಅಂದ್ರ ತಗೋತಾನ. ಅಂವ ಯಾರಂತನ ನನಗ ಗೊತ್ತಾಗವಲ್ದು. ಮೊನ್ನೆ ಕನ್ನಡಿ ಮುಂದ ಕುಂತು ಅರ್ಧ ಮಕಕ್ಕ ಬಣ್ಣ ಹಚ್ಚಿಗೊಂಡಿದ್ರು. ನಾ ಬಂದಿದ್ದು ನೋಡಿ ಪಟಕ್ಕನ ಒರಸಿಗೊಂಡ್ರು. ನನ್ನ ಮುಂದ ಒರಸಿಗೊಂಡ್ರಲ್ರಿ, ನಾನೇ ಹಚ್ಚೋ ಬಣ್ಣಾನ!" ಕಣ್ಣು ತುಂಬಿ ಬಂತು ಅವಳಿಗೆ. ಒರೆಸಿಕೊಂಡು ಬೆರಳು ಎತ್ತಿದಳು. "ಆದ್ರ ಬಳಿ ಒಡಿಯಂಗಿಲ್ಲ. ಕೈಯಾಗಿಂದ ನಾನೇ ತಗೀತೀನಿ. ಬ್ಯಾರೆ ಯಾರೂ ಮುಟ್ಟಬಾರದು."

ಆಗಲಿ ಅಂದೆ. ಹಂಗೇರಿಯಲ್ಲಿ ಬಳೆಯೇ ಇರಲಿಲ್ಲವಲ್ಲ ಅಂತ ಫಾದರ್ ಸಿರಿಲ್ ಒಂದು ಸಂಶಯ ತೆಗೆದರು. ಹಂಗೇರಿಯಲ್ಲಿ ಇಳಕಲ್ ಸೀರೆಯೂ ಇರಲಿಲ್ಲ, ಸುಮ್ಮನಿರಿ ಫಾದರ್ ಅಂದೆ. ಮೊದಲು ಅವರ ಮಾತಿಗೆ ಒಪ್ಪಿ ವಿರುಪಾಕ್ಷಪ್ಪನಿಗೆ ಉದ್ದನೆಯ ನಿಲುವಂಗಿ ಹಾಕಿ ನೋಡಿದ್ದೆವು. ಥೇಟ್ ಫಾದರ್ ಸಿರಿಲ್ ಅವರ ಹಾಗೇ ಕಂಡಿದ್ದರು. ಅಲ್ಲಿಗೆ ಆ ವಿಚಾರ ಕೈಬಿಟ್ಟು ಸೀರೆಯೇ ಸರಿ ಅಂತ ತೀರ್ಮಾನವಾಗಿತ್ತು.

ಹಬ್ಬದ ದಿನ ಸಂಜೆ ಚರ್ಚಿನ ಅಂಗಳದಲ್ಲಿ ಜನವೋ ಜನ. ಡ್ಯಾಂ ಕ್ವಾರ್ಟರ್ಸಿನವರು ಮುಂದೆ, ಟ್ರ್ಯಾಕ್ಟರಿನಲ್ಲಿ ಬಂದಿಳಿದ ಮಲಪನಗುಡಿಯವರು ಹಿಂದೆ. ಲುಡ್ವಿಗ್ ರಾಜನ ಪಾರ್ಟು ನಮ್ಮ ರಾಯಪ್ಪನದು. ಕಾಲುವೆ ಆಫೀಸಿನಲ್ಲಿ ಕರೆಂಟಿನ ಕೆಲಸ ಮಾಡುವವನು. ರಾಣಿಯ ಭುಜದವರೆಗೆ ಬರುತ್ತಿದ್ದ. ಮೊದಲ ಸಲ ಇಬ್ಬರೂ ಜೊತೆಗೆ ಬಂದು ನಿಂತಾಗ ಹಿಂದಿನವರು ಗೊಳ್ಳೆಂದರು. ರಾಣಿ ಕಣ್ಣು ಕೆಳಗೆ ಹಾಕಿ, ಗಂಡನಿಗಿಂತ ಎತ್ತರ ಕಾಣಬಾರದು ಅನ್ನುವಂತೆ ಒಂಚೂರು ಬಾಗಿ ನಿಂತಳು. ನಗು ತಾನಾಗಿ ನಿಂತಿತು. ಆಮೇಲೆ ಅಲ್ಲಿ ವಿರುಪಾಕ್ಷಪ್ಪ ಇರಲಿಲ್ಲ. ಕಂಪ್ಲಿಯಲ್ಲಿ ನನ್ನನ್ನು ಅಳಿಸಿದವಳೇ ಬಂದಿದ್ದಳು.

ದಾಸಿ ರಾಜನ ಕಾಲೆಳೆದಾಗ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಯುದ್ಧಕ್ಕೆ ಹೊರಟ ರಾಜನನ್ನು ರಾಣಿ ಊರ ಗಡಿಯವರೆಗೆ ಕಳಿಸಲು ಹೋಗಿ, ಗಡಿ ದಾಟಿ ಇನ್ನೊಂದಿಷ್ಟು ದೂರ, ಮತ್ತೊಂದಿಷ್ಟು ದೂರ ಅಂತ ಹೋಗುತ್ತಲೇ ಇದ್ದಾಗ ಯಾರೂ ನಗಲಿಲ್ಲ. ಆ ದೃಶ್ಯ ಮುಗಿಸಿ ರಾಣಿ ಪರದೆಯ ಹಿಂದೆ ಬಂದಳು.

ಅಲ್ಲಿ ಭೀಮಮ್ಮ ಒಂದು ಚೊಂಬಿನಲ್ಲಿ ಸೋಪಿನ ನೀರು ಇಟ್ಟುಕೊಂಡು ಕಾಯುತ್ತಿದ್ದಳು. ಗಂಡನ ಕೈ ತೊಡೆಯ ಮೇಲೆ ಇಟ್ಟುಕೊಂಡು, ನೀರು ಸವರಿ, ಒಂದೊಂದೇ ಬಳೆ ಜಾರಿಸಿದಳು. ತೆಗೆದ ಒಂದೊಂದನ್ನೂ ತನ್ನ ಕೈಗೇ ಏರಿಸಿಕೊಂಡಳು. ಕೆಳಗಿಡಲಿಲ್ಲ. ಡಬ್ಬಿಯ ಬಳೆಗಳೆಲ್ಲ ಅವಳ ಕೈಯಲ್ಲೇ ಸೇರಿದವು. ಕುಂಕುಮಕ್ಕೆ ಮಾತ್ರ ಕೈ ಹಾಕಲಿಲ್ಲ, ಗಂಡನ ಸೆರಗನ್ನು ಹಣೆ ಮುಚ್ಚುವಂತೆ ಮುಂದಕ್ಕೆ ಎಳೆದಳು.

"ಎಲ್ಲಾ ನನ್ನ ಹತ್ರ ಅದಾವ," ಅಂದಳು. "ನೀವು ಅಂಜಬ್ಯಾಡ್ರಿ. ಹೋಗ್ರಿ."

ಬೋಳುಗೈಯಲ್ಲಿ ವಿರುಪಾಕ್ಷಪ್ಪ ಎದ್ದು ಹೋದರು. ಆ ಕೈಗಳನ್ನು ಕಂಡದ್ದೇ ಮಲಪನಗುಡಿಯವರ ಕಡೆ ಗುಸುಗುಸು ಎದ್ದು ಅಡಗಿತು. ಅವರ ರಾಣಿಯನ್ನು ಅವರು ಹಾಗೆ ಎಂದೂ ನೋಡಿರಲಿಲ್ಲ. ಉಂಗುರ ಬಂತು. ಅತ್ತೆ ಅತ್ತಳು. ಲೋಕವೇ ಸತ್ತಿತು ಅನ್ನುವ ಮಾತನ್ನು ವಿರುಪಾಕ್ಷಪ್ಪ ಕೂಗಲಿಲ್ಲ, ಯಾರಿಗೋ ಗುಟ್ಟು ಹೇಳುವವರ ಹಾಗೆ ಸಣ್ಣಗೆ ಅಂದರು.

ಕೊನೆಗೆ ಕಪ್ಪು ಬಟ್ಟೆ ಹೊದಿಸಿದ ಪೆಟ್ಟಿಗೆ ತಂದು ನಡುವೆ ಇಟ್ಟರು. ರಾಣಿ ಅದರ ಮುಂದೆ ನೆಲದ ಮೇಲೆ ಕೂತಳು. ಎರಡೂ ಕೈ ಸೆರಗಿನೊಳಗೆ ಸುತ್ತಿಕೊಂಡಳು, ಗಟ್ಟಿಯಾಗಿ ಹಿಡಿದುಕೊಂಡಳು. ನಾನು ಅದನ್ನು ಹೇಳಿಕೊಟ್ಟಿರಲಿಲ್ಲ. ಬೋಳುಗೈ ಜನರಿಗೆ ಕಾಣಬಾರದು ಅಂತ ಮುಚ್ಚಿಕೊಂಡಿರಬೇಕು. ಪರದೆಯ ಸಂದಿಯಲ್ಲಿ ನನ್ನ ಪಕ್ಕ ನಿಂತು ನೋಡುತ್ತಿದ್ದ ಭೀಮಮ್ಮ ಮಾತ್ರ ಬೆಚ್ಚಿಬಿದ್ದಳು. ನನ್ನನ್ನು ನೋಡಿದಳು. ನಾನು ಹೇಳಿಲ್ಲ ಅಂತ ತಲೆಯಾಡಿಸಿದೆ.

ರಾಣಿ ಮಾತಾಡಲಿಲ್ಲ. ಮರೆತರೇನೋ ಅಂತ ನಾನು ಪರದೆಯ ಹಿಂದಿನಿಂದ, "ನಿಮ್ಮೊಬ್ಬರ ಜೀವ ಉಳಿದಿದ್ದರೆ..." ಅಂತ ಎತ್ತಿಕೊಟ್ಟೆ. ಇಲ್ಲ. ಮತ್ತೆ ಹೇಳಿದೆ. ವಿರುಪಾಕ್ಷಪ್ಪ ಕೂತಲ್ಲೇ ಕೂತಿದ್ದರು, ಭುಜ ಮಾತ್ರ ಮೇಲೆ ಕೆಳಗೆ ಆಗುತ್ತಿತ್ತು. ಮತ್ತೆ ಎದೆನೋವೇ ಇರಬೇಕು ಅಂತ ನನ್ನ ಜೀವ ಹಾರಿತು. ಸತ್ತ ಲುಡ್ವಿಗ್ ರಾಯಪ್ಪ ಚಪ್ಪಲಿ ಮೆಟ್ಟಿಕೊಂಡು ಡಾಕ್ಟರ ಹತ್ತಿರ ಓಡಲು ತಯಾರಾದ. ಭೀಮಮ್ಮ ನನ್ನ ರಟ್ಟೆ ಹಿಡಿದ ಹಿಡಿತಕ್ಕೆ ಉಗುರು ನಾಟಿತು.

ಆಗ ವಿರುಪಾಕ್ಷಪ್ಪ ಮುಖ ತಿರುಗಿಸಿದರು. ಪೆಟ್ಟಿಗೆಯನ್ನು ಬಿಟ್ಟು, ಜನರನ್ನು ಬಿಟ್ಟು, ನಾವು ನಿಂತಿದ್ದ ಕಡೆ ನೋಡಿದರು. ಬಣ್ಣದ ಮೇಲೆ ಕಣ್ಣೀರು ಎರಡು ದಾರಿ ಮಾಡಿತ್ತು. ರಾಣಿಯ ದನಿಯಲ್ಲಲ್ಲ, ತಮ್ಮ ಸ್ವಂತ ದನಿಯಲ್ಲಿ, ಮೆಲ್ಲಗೆ ಕೇಳಿದರು. ಮೇಲೆ ತೂಗುಬಿಟ್ಟ ಮೈಕು ಅದನ್ನು ಅಂಗಳಕ್ಕೆಲ್ಲ ಕೇಳಿಸಿತು.

"ಭೀಮಾ, ಬಳ್ಳಾರ್ಯಾಗ ಬಾಗಿಲ ಹೊರಗ ನೀ ಹಿಂಗ ಕುಂತಿದ್ದೇನಲೇ?"

ಭೀಮಮ್ಮ ಪರದೆ ಸರಿಸಿದಳು. ಅಷ್ಟು ಜನರ ಮುಂದೆ ಅವಳು ಎಂದೂ ನಿಂತವಳಲ್ಲ.

"ಹ್ಞೂಂ ರೀ," ಅಂದಳು. ಮೂಗು ಒರೆಸಿಕೊಂಡಳು. "ಈಗ ಮಾತು ಮುಗಸ್ರಿ. ಜನ ಕಾಯಾಕತ್ತಾರ."

ವಿರುಪಾಕ್ಷಪ್ಪ ಆ ಮಾತು ಹೇಳಿದರು. ನಿಮ್ಮೊಬ್ಬರ ಜೀವ ಉಳಿದಿದ್ದರೆ ಈ ಲೋಕವನ್ನೆಲ್ಲ ಕೊಟ್ಟುಬಿಡುತ್ತಿದ್ದೆ, ನಿಮ್ಮ ಹಿಂದೆ ಮನೆಮನೆಗೆ ಭಿಕ್ಷೆ ಬೇಡುತ್ತ ಬರುತ್ತಿದ್ದೆ ಅಂತ, ಬರೆದದ್ದು ಬರೆದ ಹಾಗೇ, ಒಂದಕ್ಷರವೂ ತಪ್ಪಲಿಲ್ಲ. ಮುಖ ಮಾತ್ರ ಪೆಟ್ಟಿಗೆಯ ಕಡೆಗೆ ತಿರುಗಲೇ ಇಲ್ಲ.